ರೇಡಿಯೇಟರ್ ತಣ್ಣಗಿದ್ದರೆ ತಪ್ಪು ಬಾಯ್ಲರಿನದ್ದೇ? ಬ್ರಿಟನ್ ಮನೆಗಳ ಹೀಟಿಂಗ್ ವೈರಿಂಗ್‌ನಲ್ಲಿ ದೋಷ ಹುಡುಕುವ ಬಗೆ

ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಬ್ರಿಟನ್ನಿನಲ್ಲಿ ಗಡಿಯಾರಗಳು ಒಂದು ಗಂಟೆ ಹಿಂದಕ್ಕೆ ಹೋಗುತ್ತವೆ. ಸಂಜೆ ಐದಕ್ಕೆಲ್ಲ ಕತ್ತಲಾಗುತ್ತದೆ. ಬೇಸಿಗೆಯಿಡೀ ಯಾರೂ ಮುಟ್ಟದಿದ್ದ ಹೀಟಿಂಗ್ ಗುಂಡಿಯನ್ನು ಒತ್ತುವುದು ಹೆಚ್ಚಾಗಿ ಈ ದಿನಗಳಲ್ಲೇ. ರೆಡಿಂಗ್, ಸ್ಲೌ, ಮಿಲ್ಟನ್ ಕೀನ್ಸ್, ಮ್ಯಾಂಚೆಸ್ಟರ್‌ಗಳಲ್ಲಿ ಬಾಡಿಗೆ ಮನೆ ಹಿಡಿದಿರುವ ಕನ್ನಡ ಕುಟುಂಬಗಳಿಗೂ ಆಗಲೇ ಒಂದು ವಿಚಿತ್ರ ಎದುರಾಗುತ್ತದೆ: ನಲ್ಲಿಯಲ್ಲಿ ಬಿಸಿನೀರು ಧಾರಾಳವಾಗಿ ಬರುತ್ತದೆ, ರೇಡಿಯೇಟರ್ ಮಾತ್ರ ಕಲ್ಲಿನಂತೆ ತಣ್ಣಗಿರುತ್ತದೆ. ಇಲ್ಲವೇ ಮನೆ ಬೆಚ್ಚಗಿದೆ, ಸ್ನಾನಕ್ಕೆ ನೀರು ಕಾಯುವುದಿಲ್ಲ. ಇನ್ನೂ ಕೆಲವರ ಮನೆಯಲ್ಲಿ ಎಲ್ಲವನ್ನೂ ಆಫ್ ಮಾಡಿದರೂ ಬಾಯ್ಲರ್ ನಿಲ್ಲುವುದಿಲ್ಲ.

ಇಂಥ ಹೊತ್ತಿನಲ್ಲಿ ಬೈಗುಳ ಬೀಳುವುದು ಬಾಯ್ಲರಿಗೆ. ಆದರೆ ಬಾಯ್ಲರ್ ತಾನಾಗಿ ಯಾವ ತೀರ್ಮಾನವನ್ನೂ ಮಾಡುವುದಿಲ್ಲ; ಉರಿ ಎಂದು ಯಾರಾದರೂ ಹೇಳಿದರೆ ಉರಿಯುತ್ತದೆ. ಆ ಮಾತು ಅದನ್ನು ತಲುಪುವ ದಾರಿಯಲ್ಲೇ ಎಲ್ಲೋ ತಡೆ ಬಿದ್ದಿರುವ ಸಾಧ್ಯತೆ ಸಾಕಷ್ಟಿದೆ. ಆ ದಾರಿ ಯಾವುದು ಎಂದು ತಿಳಿದರೆ, ಒಂದು ಸ್ಕ್ರೂ ಸಹ ಬಿಚ್ಚದೆ ದೋಷದ ಜಾಗವನ್ನು ಬಹುಮಟ್ಟಿಗೆ ಗುರುತಿಸಬಹುದು.

ಮೊದಲು ನಿಮ್ಮ ಮನೆಯಲ್ಲಿರುವುದು ಯಾವ ಬಗೆ?

ನಮ್ಮ ಊರುಗಳಲ್ಲಿ ಗೀಸರ್ ಬಚ್ಚಲಿನ ನೀರನ್ನಷ್ಟೇ ಕಾಯಿಸುತ್ತದೆ. ಬ್ರಿಟನ್ನಿನಲ್ಲಿ ಒಂದೇ ಬಾಯ್ಲರ್ ಎರಡು ಕೆಲಸ ಮಾಡಬೇಕು: ನಲ್ಲಿಯ ನೀರನ್ನು ಕಾಯಿಸಬೇಕು, ಕೋಣೆಗಳ ರೇಡಿಯೇಟರುಗಳಲ್ಲಿ ಬಿಸಿನೀರನ್ನು ಸುತ್ತಿಸಿ ಮನೆಯನ್ನೂ ಬೆಚ್ಚಗಿಡಬೇಕು. ಇದು ಎರಡು ರೀತಿಯಲ್ಲಿ ನಡೆಯುತ್ತದೆ.

ಕಾಂಬಿ ಬಾಯ್ಲರ್ ಇರುವ ಮನೆಯಲ್ಲಿ ಬಿಸಿನೀರನ್ನು ತುಂಬಿಡುವ ಸಿಲಿಂಡರ್ ಇರುವುದಿಲ್ಲ. ನಲ್ಲಿ ತಿರುಗಿಸಿದಾಗ ನೀರು ಬಾಯ್ಲರಿನೊಳಗೆ ಹಾಯುತ್ತಲೇ ಕಾಯುತ್ತದೆ. ಹೊರಗಿನ ವೈರಿಂಗ್ ಎಂದರೆ ಹೆಚ್ಚೂಕಡಿಮೆ ಗೋಡೆಯ ಥರ್ಮೋಸ್ಟಾಟ್‌ನಿಂದ ಬಾಯ್ಲರಿಗೆ ಹೋಗುವ ತಂತಿ ಅಷ್ಟೇ. ಅಲ್ಲಿ ಹುಡುಕಬೇಕಾದದ್ದು ಕಡಿಮೆ.

ಇನ್ನೊಂದು ಬಗೆಯ ಮನೆಯಲ್ಲಿ, ಸಾಮಾನ್ಯವಾಗಿ ಮಹಡಿಯ ಮೇಲೆ ಬಟ್ಟೆ ಜೋಡಿಸಿಡುವ ಬೀರುವಿನೊಳಗೆ, ಎದೆಯೆತ್ತರದ ಬಿಸಿನೀರಿನ ಸಿಲಿಂಡರ್ ನಿಂತಿರುತ್ತದೆ. (ಇದು ಅಡುಗೆ ಅನಿಲದ ಸಿಲಿಂಡರ್ ಅಲ್ಲ, ನೀರು ತುಂಬಿದ, ಮೈಗೆ ಶಾಖ ಸೋರದ ಹೊದಿಕೆ ತೊಟ್ಟ ಪಾತ್ರೆ.) ಅದರ ಪಕ್ಕದಲ್ಲೇ ಪಂಪ್, ಅಂಗೈಯಗಲದ ಲೋಹದ ಡಬ್ಬಿ ಹೊತ್ತ ಒಂದೋ ಎರಡೋ ವಾಲ್ವ್, ಗೋಡೆಯ ಮೇಲೆ ವೈರುಗಳು ಬಂದು ಸೇರುವ ಬಿಳಿ ಪ್ಲಾಸ್ಟಿಕ್ ಪೆಟ್ಟಿಗೆ ಕಾಣುತ್ತವೆ. ಆ ಪೆಟ್ಟಿಗೆಯೇ ವೈರಿಂಗ್ ಸೆಂಟರ್. ಈ ಲೇಖನ ಮುಖ್ಯವಾಗಿ ಇಂಥ ಮನೆಗಳ ಬಗ್ಗೆ.

ಅಪ್ಪಣೆ ಸಾಗುವ ದಾರಿ

ಸರ್ಕಾರಿ ಕಚೇರಿಯಲ್ಲಿ ಒಂದು ಕಡತ ಮೇಜಿನಿಂದ ಮೇಜಿಗೆ ಸಾಗುವುದನ್ನು ನೆನೆಸಿಕೊಳ್ಳಿ. ಗುಮಾಸ್ತರು ಸಹಿ ಹಾಕದೆ ಕಡತ ಮೇಲ್ವಿಚಾರಕರ ಬಳಿ ಹೋಗದು. ಅವರು ಒಪ್ಪದೆ ಅಧಿಕಾರಿಯ ಮೇಜು ತಲುಪದು. ಹೀಟಿಂಗ್ ವ್ಯವಸ್ಥೆಯಲ್ಲಿ 230 ವೋಲ್ಟ್ ವಿದ್ಯುತ್ತೇ ಆ ಕಡತ. ಕೊನೆಯ ಮೇಜು ಬಾಯ್ಲರ್.

ಮೊದಲ ಸಹಿ ಪ್ರೋಗ್ರಾಮರಿನದು, ಅಂದರೆ ಹೊತ್ತು ನೋಡಿಕೊಳ್ಳುವ ಗಡಿಯಾರದ್ದು. ಈಗ ಹೀಟಿಂಗ್ ಬೇಕಾದ ಸಮಯವೇ ಎಂಬುದನ್ನಷ್ಟೇ ಅದು ನೋಡುತ್ತದೆ. ಎರಡನೆಯದು ಥರ್ಮೋಸ್ಟಾಟ್. ಕೋಣೆ ನಿಜಕ್ಕೂ ತಣ್ಣಗಿದೆಯೇ ಎಂದು ನೋಡುವುದು ಗೋಡೆಯ ಮೇಲಿನ ಥರ್ಮೋಸ್ಟಾಟ್; ಸಿಲಿಂಡರಿನ ನೀರು ತಣ್ಣಗಿದೆಯೇ ಎಂದು ನೋಡುವುದು ಸಿಲಿಂಡರಿನ ಮೈಗೆ ಪಟ್ಟಿಯಿಂದ ಬಿಗಿದಿರುವ ಇನ್ನೊಂದು ಥರ್ಮೋಸ್ಟಾಟ್. ಇದನ್ನು 60 ಡಿಗ್ರಿ ಸೆಲ್ಸಿಯಸ್‌ಗೆ ಇಡುವುದು ವಾಡಿಕೆ. ಅದಕ್ಕಿಂತ ಬಹಳ ಕಡಿಮೆ ಇಟ್ಟರೆ ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುವ ಅಪಾಯವಿದೆ. ಮೂರನೆಯದು ವಾಲ್ವ್. ಬಾಯ್ಲರಿನಿಂದ ಬರುವ ಬಿಸಿನೀರು ರೇಡಿಯೇಟರುಗಳ ಕಡೆಗೋ ಸಿಲಿಂಡರಿನ ಕಡೆಗೋ ಎಂಬುದನ್ನು ಅದರೊಳಗಿನ ಪುಟ್ಟ ಮೋಟಾರ್ ತಿರುಗಿ ನಿರ್ಧರಿಸುತ್ತದೆ. ವಾಲ್ವ್ ಪೂರ್ತಿ ತೆರೆದ ಮೇಲೆ ಅದರೊಳಗಿನ ಸಣ್ಣ ಸ್ವಿಚ್ ಒತ್ತಿಕೊಂಡು, ಬಾಯ್ಲರಿಗೂ ಪಂಪಿಗೂ ವಿದ್ಯುತ್ ಕಳುಹಿಸುತ್ತದೆ. ದಾರಿ ತೆರೆಯುವ ಮೊದಲೇ ಬಾಯ್ಲರ್ ಉರಿಯಬಾರದು, ಯಾರಿಗೂ ಬೇಡವಾದಾಗ ಸುಮ್ಮನೆ ಉರಿಯುತ್ತಲೂ ಇರಬಾರದು ಎಂಬುದೇ ಈ ಏರ್ಪಾಡಿನ ಉದ್ದೇಶ.

ಇಲ್ಲಿ ಎರಡು ಪದ ತಿಳಿದಿರಬೇಕು. ಯಾವಾಗಲೂ ವಿದ್ಯುತ್ ಇರುವ ತಂತಿ ಪರ್ಮನೆಂಟ್ ಲೈವ್. ಯಾವುದೋ ಸ್ವಿಚ್ ಒಪ್ಪಿದಾಗ ಮಾತ್ರ ವಿದ್ಯುತ್ ಬರುವ ತಂತಿ ಸ್ವಿಚ್ಡ್ ಲೈವ್. ನಮ್ಮ ಎಲೆಕ್ಟ್ರಿಷಿಯನ್ನರು ಫೇಸ್ ಎನ್ನುವುದೇ ಈ ಲೈವ್. ದೋಷ ಹುಡುಕುವುದೆಂದರೆ ಸ್ವಿಚ್ಡ್ ಲೈವ್ ಎಲ್ಲಿಯವರೆಗೆ ಬಂದು ಎಲ್ಲಿ ನಿಂತಿತು ಎಂದು ನೋಡುವುದು.

ಎಸ್ ಪ್ಲಾನ್: ಎರಡು ವಾಲ್ವ್, ಎರಡು ದಾರಿ

ಬ್ರಿಟನ್ನಿನ ಹೀಟಿಂಗ್ ಕೆಲಸಗಾರರು ಈಗಲೂ ಹನಿವೆಲ್ ಕಂಪನಿ ಇಟ್ಟ ಹೆಸರುಗಳನ್ನೇ ಬಳಸುತ್ತಾರೆ. ಎರಡು ವಾಲ್ವ್ ಇದ್ದರೆ ಎಸ್ ಪ್ಲಾನ್. ಮೂರು ಬಾಯಿಯ ಒಂದೇ ವಾಲ್ವ್ ಇದ್ದರೆ ಬಹುತೇಕ ವೈ ಪ್ಲಾನ್.

ಎಸ್ ಪ್ಲಾನ್‌ನಲ್ಲಿ ರೇಡಿಯೇಟರುಗಳಿಗೆ ಒಂದು ವಾಲ್ವ್, ಸಿಲಿಂಡರಿಗೆ ಒಂದು ವಾಲ್ವ್. ಪ್ರತಿಯೊಂದರಿಂದಲೂ ಐದು ತಂತಿ ಹೊರಬರುತ್ತವೆ. ಕಂದು ತಂತಿಗೆ ಥರ್ಮೋಸ್ಟಾಟ್ ಕಳುಹಿಸಿದ ವಿದ್ಯುತ್ ಬಂದಾಗ ಮೋಟಾರ್ ತಿರುಗುತ್ತದೆ. ನೀಲಿ ನ್ಯೂಟ್ರಲ್. ಹಸಿರು-ಹಳದಿ ಅರ್ತ್. ಬೂದು ಬಣ್ಣದ ತಂತಿ ಪರ್ಮನೆಂಟ್ ಲೈವ್. ವಾಲ್ವ್ ತೆರೆದಾಗ ಒಳಗಿನ ಸ್ವಿಚ್ ಬೂದು ತಂತಿಯನ್ನು ಕಿತ್ತಳೆ ತಂತಿಗೆ ಸೇರಿಸುತ್ತದೆ. ಕಿತ್ತಳೆಯಿಂದ ಬಾಯ್ಲರ್, ಪಂಪ್ ಎರಡೂ ಎಚ್ಚರಗೊಳ್ಳುತ್ತವೆ. ವಿದ್ಯುತ್ ನಿಂತ ಕೂಡಲೇ ವಾಲ್ವಿನೊಳಗಿನ ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ.

ಎರಡೂ ವಾಲ್ವುಗಳ ಕಿತ್ತಳೆ ತಂತಿಗಳು ವೈರಿಂಗ್ ಸೆಂಟರಿನಲ್ಲಿ ಒಂದೇ ಟರ್ಮಿನಲ್‌ಗೆ ಸೇರುತ್ತವೆ. ಯಾವ ವಾಲ್ವ್ ತೆರೆದರೂ ಬಾಯ್ಲರ್ ಉರಿಯಬೇಕಲ್ಲ. ಎಸ್ ಪ್ಲಾನ್‌ನ ದೋಷಗಳೆಲ್ಲ ಅರ್ಥವಾಗುವುದು ಈ ಕೂಡುವಿಕೆಯಿಂದಲೇ.

ಹೀಟಿಂಗ್ ಆನ್ ಇದ್ದಾಗ ಮಾತ್ರ ಸಿಲಿಂಡರಿನ ನೀರು ಕಾಯುತ್ತದೆ, ಬಿಸಿನೀರನ್ನಷ್ಟೇ ಆನ್ ಮಾಡಿದರೆ ಬಾಯ್ಲರ್ ಏಳುವುದಿಲ್ಲ ಎಂದುಕೊಳ್ಳಿ. ನೀರಿನ ವಾಲ್ವ್ ತೆರೆಯುತ್ತಿದೆ, ಇಲ್ಲದಿದ್ದರೆ ನೀರು ಕಾಯುತ್ತಲೇ ಇರಲಿಲ್ಲ. ಅದರೊಳಗಿನ ಸ್ವಿಚ್ ಕೆಟ್ಟಿದೆ, ಅಥವಾ ಅದರ ಬೂದು ಇಲ್ಲವೇ ಕಿತ್ತಳೆ ತಂತಿ ಸಡಿಲವಾಗಿದೆ. ಹೀಟಿಂಗ್ ವಾಲ್ವ್ ಬಾಯ್ಲರನ್ನು ಎಬ್ಬಿಸಿದಾಗ ನೀರಿನ ಕಡೆಯೂ ಅದರ ಲಾಭ ಪಡೆಯುತ್ತದೆ, ಅಷ್ಟೇ. ಪ್ರೋಗ್ರಾಮರಿನಲ್ಲಿ ಎರಡನ್ನೂ ಆಫ್ ಮಾಡಿ ಸಾಕಷ್ಟು ಹೊತ್ತಾದರೂ ಬಾಯ್ಲರ್ ಮತ್ತೆ ಮತ್ತೆ ಉರಿಯುತ್ತಿದ್ದರೆ, ಎರಡರಲ್ಲೊಂದು ವಾಲ್ವಿನ ಸ್ವಿಚ್ ಒತ್ತಿದಂತೆಯೇ ಅಂಟಿಕೊಂಡಿರುವ ಅನುಮಾನ ಬಲವಾಗುತ್ತದೆ. (ಉರಿ ಆರಿದ ಮೇಲೆ ಪಂಪ್ ಕೆಲವು ನಿಮಿಷ ಓಡುವುದು ಹಲವು ಬಾಯ್ಲರುಗಳಲ್ಲಿ ಸಹಜ. ಅದು ದೋಷವಲ್ಲ.)

ವೈ ಪ್ಲಾನ್: ಒಂದೇ ವಾಲ್ವಿನ ಮೂರು ನಿಲುವು

ವೈ ಪ್ಲಾನ್ ಜಾಣತನದ ವಿನ್ಯಾಸ. ದೋಷ ಹುಡುಕುವವರನ್ನು ಹೆಚ್ಚು ಸತಾಯಿಸುವುದೂ ಇದೇ. ಅದರ ತರ್ಕ ನೇರವಾಗಿಲ್ಲ, ಆದ್ದರಿಂದ ನಿಧಾನವಾಗಿ ನೋಡೋಣ.

ವಾಲ್ವಿಗೆ ನೀರು ಒಂದು ಬಾಯಿಯಿಂದ ಬರುತ್ತದೆ. ಹೊರಹೋಗಲು ಎರಡು ಬಾಯಿ: ಎ ರೇಡಿಯೇಟರುಗಳಿಗೆ, ಬಿ ಸಿಲಿಂಡರಿಗೆ. ವಿದ್ಯುತ್ ಏನೂ ಇಲ್ಲದಿದ್ದಾಗ ಸ್ಪ್ರಿಂಗ್ ಅದನ್ನು ಬಿ ತೆರೆದ ಸ್ಥಿತಿಯಲ್ಲಿ ಇಟ್ಟಿರುತ್ತದೆ. ಹಾಗಾಗಿ ಬಿಸಿನೀರು ಮಾತ್ರ ಬೇಕಾದಾಗ ವಾಲ್ವ್ ಕದಲಬೇಕಾಗಿಯೇ ಇಲ್ಲ. ಸಿಲಿಂಡರಿನ ಥರ್ಮೋಸ್ಟಾಟ್ ವಾಲ್ವನ್ನು ಕೇಳದೆ ನೇರವಾಗಿ ಬಾಯ್ಲರಿಗೂ ಪಂಪಿಗೂ ವಿದ್ಯುತ್ ಕೊಡುತ್ತದೆ.

ಹೀಟಿಂಗ್ ಕೂಡ ಬೇಕೆಂದಾಗ ಕೋಣೆಯ ಥರ್ಮೋಸ್ಟಾಟ್‌ನಿಂದ ಬಿಳಿ ತಂತಿಗೆ ವಿದ್ಯುತ್ ಬರುತ್ತದೆ. ವಾಲ್ವ್ ಮಧ್ಯಕ್ಕೆ ಬಂದು ನಿಂತು ಎರಡೂ ಕಡೆ ನೀರು ಬಿಡುತ್ತದೆ. ಬಾಯ್ಲರನ್ನು ಉರಿಸುತ್ತಿರುವುದು ಆಗಲೂ ಸಿಲಿಂಡರಿನ ಥರ್ಮೋಸ್ಟಾಟೇ.

ಬಿಸಿನೀರು ಸಾಕು, ಹೀಟಿಂಗ್ ಮಾತ್ರ ಬೇಕು ಎಂದಾಗ? ಸಿಲಿಂಡರಿನ ಬಾಯಿ ಮುಚ್ಚಬೇಕು. ಅದಕ್ಕೆ ಬೂದು ತಂತಿಗೆ ಬಿಸಿನೀರು ಬೇಡ ಎಂಬ ಸಂದೇಶ ವಿದ್ಯುತ್ತಿನ ರೂಪದಲ್ಲಿ ಬರಬೇಕು. ಬೇಡ ಎನ್ನುವುದಕ್ಕೂ ಇಲ್ಲಿ ವಿದ್ಯುತ್ ಬೇಕು ಎಂಬುದನ್ನು ಗಮನಿಸಿ. ಹೊಸಬರು ಎಡವುವುದು ಇಲ್ಲೇ. ಬಿಳಿ, ಬೂದು ಎರಡರಲ್ಲೂ ವಿದ್ಯುತ್ ಇದ್ದಾಗ ವಾಲ್ವ್ ಕೊನೆಯವರೆಗೆ ತಿರುಗಿ ಎ ಬಾಯಿಯನ್ನಷ್ಟೇ ತೆರೆದಿಡುತ್ತದೆ. ಕೊನೆ ಮುಟ್ಟಿದ ಮೇಲೆ ಒಳಗಿನ ಸ್ವಿಚ್ ಕಿತ್ತಳೆ ತಂತಿಯ ಮೂಲಕ ಬಾಯ್ಲರನ್ನು ಎಬ್ಬಿಸುತ್ತದೆ.

ಬೂದು ತಂತಿಗೆ ವಿದ್ಯುತ್ ಎರಡು ಕಡೆಯಿಂದ ಬರಬಹುದು. ಪ್ರೋಗ್ರಾಮರಿನಲ್ಲಿ ಬಿಸಿನೀರನ್ನು ಆಫ್ ಮಾಡಿದಾಗ ಅಲ್ಲಿನ ಆಫ್ ಟರ್ಮಿನಲ್‌ನಿಂದ ಬರುತ್ತದೆ. ಬಹಳಷ್ಟು ಪ್ರೋಗ್ರಾಮರುಗಳ ಹಿಂಬದಿ ಫಲಕ ಒಂದೇ ಮಾದರಿಯದು: ನ್ಯೂಟ್ರಲ್ ಮತ್ತು ಲೈವ್ ಆದ ಮೇಲೆ 1 ಬಿಸಿನೀರು ಆಫ್, 2 ಹೀಟಿಂಗ್ ಆಫ್, 3 ಬಿಸಿನೀರು ಆನ್, 4 ಹೀಟಿಂಗ್ ಆನ್. ಇನ್ನೊಂದು ಮೂಲ ಸಿಲಿಂಡರಿನ ಥರ್ಮೋಸ್ಟಾಟ್. ಬಿಸಿನೀರು ಆನ್ ಇದ್ದು, ನೀರು ಸಾಕಷ್ಟು ಕಾದ ಮೇಲೆ ಅದು ತನ್ನ ಎರಡನೆಯ ಟರ್ಮಿನಲ್‌ನಿಂದ ಬೂದು ತಂತಿಗೆ ವಿದ್ಯುತ್ ಕಳುಹಿಸುತ್ತದೆ.

ವೈ ಪ್ಲಾನ್ ಇರುವವರ ಹೆಸರಾಂತ ದೂರು ಎಂದರೆ, ಬಿಸಿನೀರು ಆನ್ ಮಾಡಿದರೆ ಮಾತ್ರ ಹೀಟಿಂಗ್ ಕೆಲಸ ಮಾಡುತ್ತದೆ ಎಂಬುದು. ಕಾರಣ ಈಗ ಕಾಣುತ್ತದೆ. ಮಧ್ಯದ ನಿಲುವಿನಲ್ಲಿ ಬಾಯ್ಲರ್ ಸಿಲಿಂಡರಿನ ಥರ್ಮೋಸ್ಟಾಟ್‌ನ ಬಲದಿಂದ ಉರಿಯುತ್ತಿದೆ. ಬಿಸಿನೀರು ನಿಂತ ಕೂಡಲೇ ಕಿತ್ತಳೆ ತಂತಿ ಆ ಹೊಣೆ ಹೊರಬೇಕು, ಅದು ಹೊರುತ್ತಿಲ್ಲ. ತಪ್ಪು ಬೂದು ತಂತಿಗೆ ಬರುವ ಸಂದೇಶದಲ್ಲಿದೆಯೋ ವಾಲ್ವಿನಲ್ಲೇ ಇದೆಯೋ?

ಇದನ್ನು ಏನೂ ಬಿಚ್ಚದೆ ಪರೀಕ್ಷಿಸಬಹುದು. ಹೀಟಿಂಗ್ ಆನ್ ಮಾಡಿ, ಕೋಣೆಯ ಥರ್ಮೋಸ್ಟಾಟ್ ಅನ್ನು ಪೂರ್ತಿ ಏರಿಸಿ. ಮೊದಲು ಪ್ರೋಗ್ರಾಮರಿನಲ್ಲಿ ಬಿಸಿನೀರನ್ನು ಆಫ್ ಮಾಡಿ ಬಾಯ್ಲರ್ ಉರಿಯುತ್ತದೆಯೇ ನೋಡಿ. ಆಮೇಲೆ ಬಿಸಿನೀರನ್ನು ಆನ್ ಮಾಡಿ, ಆದರೆ ಸಿಲಿಂಡರಿನ ಥರ್ಮೋಸ್ಟಾಟ್ ಅನ್ನು ತೀರಾ ಕೆಳಕ್ಕೆ ಇಳಿಸಿ. ಸಿಲಿಂಡರಿನ ನೀರು ಆ ಮಟ್ಟಕ್ಕಿಂತ ಬಿಸಿಯಾಗಿದ್ದರೆ, ನೀರು ಕಾದಿದೆ ಎಂದು ಅದು ಭಾವಿಸುತ್ತದೆ. ಎರಡನೆಯ ಸಲ ಮಾತ್ರ ಉರಿದರೆ ಪ್ರೋಗ್ರಾಮರಿನ 1ನೆಯ ಟರ್ಮಿನಲ್ ಅಥವಾ ಅಲ್ಲಿಂದ ಬರುವ ತಂತಿಯಲ್ಲಿ ದೋಷ. ಮೊದಲ ಸಲ ಮಾತ್ರ ಉರಿದರೆ ಸಿಲಿಂಡರ್ ಥರ್ಮೋಸ್ಟಾಟ್‌ನ ಕಡೆ ದೋಷ. ಎರಡು ಸಲವೂ ಉರಿಯದಿದ್ದರೆ ಅನುಮಾನ ವಾಲ್ವಿನ ಮೇಲೆ ಬೀಳುತ್ತದೆ. ಪರೀಕ್ಷೆ ಮುಗಿದ ಮೇಲೆ ಸಿಲಿಂಡರ್ ಥರ್ಮೋಸ್ಟಾಟ್ ಅನ್ನು ಮರೆಯದೆ 60ಕ್ಕೆ ತನ್ನಿ.

ಕೈ, ಕಿವಿಗಳೇ ಉಪಕರಣ

ಏನೂ ಏಳುತ್ತಿಲ್ಲ, ಪ್ರೋಗ್ರಾಮರಿನ ಪರದೆಯೂ ಖಾಲಿ ಎಂದಾದರೆ ಮೊದಲು ನೋಡಬೇಕಾದದ್ದು ಗೋಡೆಯ ಮೇಲಿನ ಫ್ಯೂಸ್ ಇರುವ ಸ್ವಿಚ್ಚನ್ನು. ಇಡೀ ಹೀಟಿಂಗ್ ವ್ಯವಸ್ಥೆಗೆ ವಿದ್ಯುತ್ ಅದರ ಮೂಲಕವೇ ಬರಬೇಕು. ಅದರೊಳಗೆ 3 ಆಂಪಿಯರ್ ಫ್ಯೂಸ್ ಇರುತ್ತದೆ. ಪರದೆ ಬೆಳಗುತ್ತಿದ್ದು ಬಾಯ್ಲರ್ ದೋಷದ ಸಂಖ್ಯೆ ತೋರಿಸುತ್ತಿದ್ದರೆ ವಿಷಯ ಹೆಚ್ಚಾಗಿ ಹೊರಗಿನ ವೈರಿಂಗ್‌ನದ್ದಲ್ಲ. ಒಳಗಿನ ನೀರಿನ ಒತ್ತಡದ ಮಾಪಕ ಹಲವು ಬಾಯ್ಲರುಗಳಲ್ಲಿ ತಣ್ಣಗಿದ್ದಾಗ 1ರಿಂದ 1.5 ಬಾರ್ ತೋರಿಸಬೇಕು. ಕೊರೆಯುವ ಚಳಿಯಲ್ಲಿ ಬಾಯ್ಲರಿನೊಳಗೆ ಸೇರುವ ನೀರನ್ನು ಮನೆಯ ಹೊರಕ್ಕೆ ಹರಿಸುವ ಪ್ಲಾಸ್ಟಿಕ್ ಕೊಳವೆ (ಕಂಡೆನ್ಸೇಟ್ ಪೈಪ್) ಹೆಪ್ಪುಗಟ್ಟಿದರೂ ಬಾಯ್ಲರ್ ನಿಲ್ಲುತ್ತದೆ.

ಹೀಟಿಂಗ್ ಮಾತ್ರ ಬರುತ್ತಿಲ್ಲವೇ? ಹಳೆಯ ಮಾದರಿಯ ಗುಂಡಿ ತಿರುಗಿಸುವ ಥರ್ಮೋಸ್ಟಾಟ್ ಅನ್ನು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ತಿರುಗಿಸಿ. ಕೋಣೆಯ ಉಷ್ಣತೆ ದಾಟುವಾಗ ಟಿಕ್ ಎನ್ನಬೇಕು. ಶಬ್ದ ಬಂದರೆ ಒಳಗಿನ ಯಂತ್ರ ಕದಲಿತು ಎಂದಷ್ಟೇ ಅರ್ಥ; ಒಳಗಿನ ಸಂಪರ್ಕ ಕೂಡಿತು ಎಂದು ಖಾತ್ರಿಯಿಲ್ಲ.

ಆಮೇಲೆ ವಾಲ್ವಿನ ಬಳಿ ಹೋಗಿ. ಲೋಹದ ಡಬ್ಬಿಯ ಒಂದು ಬದಿಯಲ್ಲಿ ಬೆರಳ ತುದಿಯಷ್ಟು ಹೊರಚಾಚಿದ ಸಣ್ಣ ಹಿಡಿಕೆ ಇದೆ. ಎಸ್ ಪ್ಲಾನ್‌ನಲ್ಲಿ ಇದಕ್ಕಿಂತ ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ. ವಾಲ್ವ್ ಮುಚ್ಚಿದ್ದಾಗ ಹಿಡಿಕೆಯನ್ನು ತಳ್ಳಿದರೆ ಸ್ಪ್ರಿಂಗ್ ಬಿಗಿಯಾಗಿ ಎದುರೊತ್ತುತ್ತದೆ. ಮೋಟಾರ್ ವಾಲ್ವನ್ನು ತೆರೆದ ಮೇಲೆ ಅದೇ ಹಿಡಿಕೆ ಸಡಿಲವಾಗಿ ಆಡುತ್ತದೆ. ಹೀಟಿಂಗ್ ಬೇಡುತ್ತಿರುವಾಗಲೂ ಹೀಟಿಂಗ್ ವಾಲ್ವಿನ ಹಿಡಿಕೆ ಬಿಗಿಯಾಗಿದ್ದರೆ, ಮೋಟಾರಿಗೆ ವಿದ್ಯುತ್ ಬರುತ್ತಿಲ್ಲ, ಇಲ್ಲವೇ ಮೋಟಾರ್ ಸತ್ತಿದೆ, ಇಲ್ಲವೇ ಬೇಸಿಗೆಯಿಡೀ ಕದಲದ ವಾಲ್ವ್ ಕಚ್ಚಿಕೊಂಡಿದೆ. ಹಿಡಿಕೆ ಸಡಿಲವಾಗಿದ್ದೂ ಬಾಯ್ಲರ್ ಸುಮ್ಮನಿದ್ದರೆ ಒಳಗಿನ ಸ್ವಿಚ್ಚನ್ನು ಅನುಮಾನಿಸಿ. ಹಿಡಿಕೆಯನ್ನು ಕೊಕ್ಕೆಗೆ ಸಿಕ್ಕಿಸಿ ಬಿಡುವ ವ್ಯವಸ್ಥೆಯೂ ಇದೆ. ಅದು ಕೊಳವೆಗಳಿಗೆ ನೀರು ತುಂಬುವಾಗ, ಖಾಲಿ ಮಾಡುವಾಗ ಬಳಸಲಿಕ್ಕೆ. ಹಾಗೇ ಬಿಟ್ಟುಬಿಟ್ಟರೆ ಬಿಸಿನೀರು ಕಾಯಿಸುವಾಗಲೆಲ್ಲ ಬೇಡವೆಂದರೂ ರೇಡಿಯೇಟರುಗಳು ಕಾಯುತ್ತವೆ.

ವಾಲ್ವ್ ತೆರೆದು, ಬಾಯ್ಲರ್ ಉರಿದೂ ರೇಡಿಯೇಟರ್ ತಣ್ಣಗಿದ್ದರೆ ಪಂಪಿನ ಮೇಲೆ ಕೈಯಿಡಿ, ಬಿಸಿ ಇರಬಹುದು, ಜೋಕೆ. ಸಣ್ಣ ನಡುಕ ಕೈಗೆ ತಾಗಬೇಕು. ತಾಗದಿದ್ದರೆ ಪಂಪ್ ಸಿಕ್ಕಿಕೊಂಡಿದೆ ಅಥವಾ ಅದಕ್ಕೆ ವಿದ್ಯುತ್ ಬರುತ್ತಿಲ್ಲ.

ಪೆಟ್ಟಿಗೆ ತೆರೆಯುವ ಮುನ್ನ

ವೈರಿಂಗ್ ಸೆಂಟರಿನ ಮುಚ್ಚಳ ತೆಗೆಯುವುದು ಎಲೆಕ್ಟ್ರಿಷಿಯನ್ ಕೆಲಸ. ಕಾರಣ ಬರೀ 230 ವೋಲ್ಟ್ ಅಲ್ಲ. ಪ್ರೋಗ್ರಾಮರಿನಲ್ಲಿ ಆಫ್ ಮಾಡಿದರೂ ಬೂದು ತಂತಿಯಲ್ಲಿ ವಿದ್ಯುತ್ ಇರುತ್ತದೆ. ಒಂದು ವಾಲ್ವ್ ಸುಮ್ಮನಿದ್ದರೂ ಇನ್ನೊಂದರಿಂದ ಕಿತ್ತಳೆ ತಂತಿಗೆ ಬಂದಿರಬಹುದು. ಹಾಗಾಗಿ ಫ್ಯೂಸ್ ಸ್ವಿಚ್ಚನ್ನು ಆರಿಸಿ, ಫ್ಯೂಸನ್ನೇ ಹೊರತೆಗೆದು, ಪರೀಕ್ಷಕ ಸಾಧನ ಸರಿಯಿದೆಯೇ ಎಂದು ನೋಡಿ, ತಂತಿ ಪರೀಕ್ಷಿಸಿ, ಮತ್ತೆ ಸಾಧನವನ್ನು ಪರೀಕ್ಷಿಸಿ ಆಮೇಲೆ ಮುಟ್ಟುವುದು ಅವರ ಕ್ರಮ. ಸಿಲಿಂಡರಿನೊಳಗಿನ ಇಮ್ಮರ್ಷನ್ ಹೀಟರಿಗೆ ಬೇರೆಯೇ ವಿದ್ಯುತ್ ದಾರಿ ಇದೆ ಎಂಬುದನ್ನೂ ಅವರು ಮರೆಯುವುದಿಲ್ಲ.

ಬಣ್ಣಗಳನ್ನು ನಂಬಿ ಕೆಡುವವರು ಬಹಳ. ಬೂದು ತಂತಿಯನ್ನೇ ನೋಡಿ: ಎಸ್ ಪ್ಲಾನ್ ವಾಲ್ವಿನಲ್ಲಿ ಅದು ಸದಾ ವಿದ್ಯುತ್ ಇರುವ ತಂತಿ, ವೈ ಪ್ಲಾನ್ ವಾಲ್ವಿನಲ್ಲಿ ಬಿಸಿನೀರು ಬೇಡ ಎಂಬ ಸಂದೇಶ, ಗೋಡೆಯೊಳಗಿನ ಮೂರು ಎಳೆಯ ಕೇಬಲ್‌ನಲ್ಲಿ ಬೂದು ಎಳೆ ಅದನ್ನು ಜೋಡಿಸಿದವರು ಯಾವುದಕ್ಕೆ ಬಳಸಿದರೋ ಅದು. 2004-06ಕ್ಕಿಂತ ಹಿಂದೆ ಹಾಕಿದ ವೈರಿಂಗ್‌ನಲ್ಲಿ ಲೈವ್ ಕೆಂಪು, ನ್ಯೂಟ್ರಲ್ ಕಪ್ಪು. ಈಗ ಕಂದು ಮತ್ತು ನೀಲಿ. ಒಂದೇ ಪೆಟ್ಟಿಗೆಯಲ್ಲಿ ಎರಡು ಕಾಲದ ಬಣ್ಣಗಳೂ ಸಿಗುತ್ತವೆ. ಬಣ್ಣ ನೋಡಿ ಊಹಿಸುವುದಕ್ಕಿಂತ, ಆ ತಂತಿ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಎಂದು ಹಿಂಬಾಲಿಸುವುದೇ ಸರಿ.

ಮಲ್ಟಿಮೀಟರ್ ಕೂಡ ದಾರಿ ತಪ್ಪಿಸುತ್ತದೆ. ಎಲ್ಲೂ ಕೂಡದೆ ತೂಗುತ್ತಿರುವ ತಂತಿ ಪಕ್ಕದ ಲೈವ್ ತಂತಿಯ ಪ್ರಭಾವದಿಂದ ಹತ್ತಾರು ವೋಲ್ಟ್ ತೋರಿಸಬಹುದು. ಅದು ಕೆಲಸಕ್ಕೆ ಬಾರದ ಹುಸಿ ವೋಲ್ಟೇಜ್.

ಸ್ಮಾರ್ಟ್ ಥರ್ಮೋಸ್ಟಾಟ್ ಹಾಕಿಸಿದ ಮೇಲೆ ಶುರುವಾದ ತೊಂದರೆ

ಮೊಬೈಲ್‌ನಿಂದ ನಿಯಂತ್ರಿಸುವ ಥರ್ಮೋಸ್ಟಾಟ್ ಬಂದ ಮರುದಿನವೇ ಹೀಟಿಂಗ್ ಕೆಟ್ಟಿದ್ದರೆ ಹೊಸ ಜೋಡಣೆಯನ್ನೇ ಮೊದಲು ಅನುಮಾನಿಸಬೇಕು. ಸಿಲಿಂಡರ್ ಇರುವ ಮನೆಗೆ ಹೀಟಿಂಗ್, ಬಿಸಿನೀರು ಎರಡನ್ನೂ ಬೇರೆಬೇರೆಯಾಗಿ ನಡೆಸಬಲ್ಲ ಮಾದರಿ ಬೇಕು. ವೈ ಪ್ಲಾನ್ ಮನೆಯಲ್ಲಿ ಬಿಸಿನೀರು ಆಫ್ ಟರ್ಮಿನಲ್ ಅನ್ನು ಜೋಡಿಸದೆ ಬಿಟ್ಟರೆ ಮೇಲೆ ಹೇಳಿದ ದೂರು ತಪ್ಪಿದ್ದಲ್ಲ. ಕೆಲವು ಸಾಧನಗಳಲ್ಲಿ ಲೈವ್ ಟರ್ಮಿನಲ್‌ನಿಂದ ಸ್ವಿಚ್ಚಿನ ಟರ್ಮಿನಲ್‌ಗೆ ಸಣ್ಣ ಕೊಂಡಿ ತಂತಿ ಹಾಕಬೇಕು. ಹಾಕದಿದ್ದರೆ ಸಾಧನ ಟಿಕ್ ಎನ್ನುತ್ತದೆ, ವಿದ್ಯುತ್ ಮುಂದೆ ಹೋಗುವುದಿಲ್ಲ. ಇನ್ನು ಕೆಲವು ಬಾಯ್ಲರುಗಳ ಥರ್ಮೋಸ್ಟಾಟ್ ಟರ್ಮಿನಲ್‌ಗಳಿಗೆ 230 ವೋಲ್ಟ್ ತಾಗಿದರೆ ಒಳಗಿನ ಸರ್ಕ್ಯೂಟ್ ಬೋರ್ಡೇ ಸುಡುತ್ತದೆ. ಹಳೆಯದನ್ನು ಬಿಚ್ಚುವ ಮೊದಲು ಪ್ರತಿ ಟರ್ಮಿನಲ್‌ನ ಫೋಟೊ ತೆಗೆದು, ತಂತಿಗಳಿಗೆ ಚೀಟಿ ಅಂಟಿಸುವಂತೆ ಕೆಲಸಗಾರರನ್ನು ಕೇಳಿ.

ಯಾರನ್ನು ಕರೆಯಬೇಕು, ಏನು ಹೇಳಬೇಕು

ಬ್ರಿಟನ್ನಿನಲ್ಲಿ ಅನಿಲದ ಭಾಗವನ್ನು ಮುಟ್ಟುವ ಅಧಿಕಾರ ಗ್ಯಾಸ್ ಸೇಫ್ ನೋಂದಣಿ ಇರುವವರಿಗೆ ಮಾತ್ರ. ಗ್ಯಾಸ್ ವಾಸನೆ ಬಂದರೆ ದೋಷ ಹುಡುಕುತ್ತಾ ನಿಲ್ಲಬೇಡಿ, ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಕಿಟಕಿ ತೆರೆದು ಹೊರಬಂದು 0800 111 999ಕ್ಕೆ ಕರೆ ಮಾಡಿ. ಕಾರ್ಬನ್ ಮಾನಾಕ್ಸೈಡ್ ಎಚ್ಚರಿಕೆ ಗಂಟೆ ಹೊಡೆದರೂ ಹಾಗೆಯೇ.

ಬಾಡಿಗೆ ಮನೆಯಾದರೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹೀಟಿಂಗ್, ಬಿಸಿನೀರಿನ ವ್ಯವಸ್ಥೆಯನ್ನು ಸುಸ್ಥಿತಿಯಲ್ಲಿಡುವ ಹೊಣೆ ಮಾಲೀಕರದ್ದು. ಇಂಗ್ಲೆಂಡ್‌ನಲ್ಲಿ 1985ರ ಮಾಲೀಕ-ಬಾಡಿಗೆದಾರ ಕಾಯ್ದೆಯ 11ನೇ ಸೆಕ್ಷನ್ ಇದನ್ನು ಹೇಳುತ್ತದೆ. ಚಿಕ್ಕ ಮಕ್ಕಳೋ ಊರಿನಿಂದ ಬಂದ ವಯಸ್ಸಾದ ತಂದೆತಾಯಿಯೋ ಮನೆಯಲ್ಲಿದ್ದರೆ ಅದನ್ನೂ ಸಂಕೋಚವಿಲ್ಲದೆ ತಿಳಿಸಿ. ದುರಸ್ತಿಯಾಗುವವರೆಗೆ ಸ್ನಾನದ ನೀರಿಗೆ ಇಮ್ಮರ್ಷನ್ ಹೀಟರ್ ಬಳಸಬಹುದು. ಅದು ಸಾಮಾನ್ಯವಾಗಿ 3 ಕಿಲೋವ್ಯಾಟ್‌ನದು, ಗಂಟೆಗೆ 3 ಯೂನಿಟ್ ಎಳೆಯುತ್ತದೆ, ಬೇಕಾದಷ್ಟು ಹೊತ್ತು ಮಾತ್ರ ಹಾಕಿ.

ಏಜೆಂಟರಿಗೆ ಬರೆಯುವಾಗ ಹೀಟಿಂಗ್ ಕೆಟ್ಟಿದೆ ಎಂದಷ್ಟೇ ಬರೆದರೆ ಬರುವವರು ಎಲ್ಲವನ್ನೂ ಮೊದಲಿನಿಂದ ಹುಡುಕಬೇಕು. ಬದಲಿಗೆ ಹೀಗೆ ಬರೆಯಿರಿ: ಸಿಲಿಂಡರ್ ಪಕ್ಕ ಎರಡು ವಾಲ್ವ್ ಇವೆ, ಬಿಸಿನೀರು ಸರಿಯಾಗಿ ಬರುತ್ತಿದೆ, ಹೀಟಿಂಗ್ ಆನ್ ಮಾಡಿ ಥರ್ಮೋಸ್ಟಾಟ್ ಏರಿಸಿದಾಗ ಟಿಕ್ ಶಬ್ದ ಬರುತ್ತದೆ, ಆದರೂ ಹೀಟಿಂಗ್ ವಾಲ್ವಿನ ಹಿಡಿಕೆ ಬಿಗಿಯಾಗಿಯೇ ಇದೆ, ಬಾಯ್ಲರ್ ಉರಿಯುವುದಿಲ್ಲ. ಜೊತೆಗೆ ವಾಲ್ವಿನ ಮೇಲಿನ ಮಾದರಿ ಸಂಖ್ಯೆ ಕಾಣುವಂತೆ ಒಂದು ಫೋಟೊ ಕಳುಹಿಸಿ. ಹಲವು ವಾಲ್ವುಗಳಲ್ಲಿ ಮೋಟಾರ್ ಮತ್ತು ಸ್ವಿಚ್ ಇರುವ ಮೇಲಿನ ಡಬ್ಬಿಯನ್ನಷ್ಟೇ, ಕೊಳವೆಗಳ ನೀರು ಖಾಲಿ ಮಾಡದೆಯೇ, ಬದಲಿಸಬಹುದು. ಫೋಟೊ ನೋಡಿದ ಎಂಜಿನಿಯರ್ ಆ ಬಿಡಿಭಾಗವನ್ನು ವ್ಯಾನಿನಲ್ಲಿ ಇಟ್ಟುಕೊಂಡೇ ಬರಬಹುದು.